ಆಫ್ರಿಕಾದಿಂದ ವಿಶ್ವ ವಾಲಿಬಾಲ್‌ಗೆ: ಟಿಕೆಟ್ ಸಿಗುವುದು ಹೇಗೆ?

2023ರ ಆಫ್ರಿಕಾ ಚಾಂಪಿಯನ್‌ಷಿಪ್‌ನಲ್ಲಿ ಟುನೀಷಿಯಾಕ್ಕೆ ಮೊದಲ ಮೂರರಲ್ಲಿ ಜಾಗ ಸಿಗಲಿಲ್ಲ. ಆದರೂ 2025ರ ಸೆಪ್ಟೆಂಬರ್ 12ರಂದು ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನ ಉದ್ಘಾಟನಾ ಪಂದ್ಯದಲ್ಲಿ ಆತಿಥೇಯ ಫಿಲಿಪ್ಪೀನ್ಸ್ ಎದುರು ಕಣಕ್ಕಿಳಿದದ್ದು ಅದೇ ಟುನೀಷಿಯಾ. 3-0ರಿಂದ ಗೆದ್ದೂ ಬಿಟ್ಟಿತು. ಇತ್ತ 2021ರಲ್ಲಿ ಆಫ್ರಿಕಾದ ಫೈನಲ್ ಆಡಿದ್ದ ಕ್ಯಾಮರೂನ್ ಈ ಸಲ ಪಟ್ಟಿಯಲ್ಲೇ ಇರಲಿಲ್ಲ.

ಪದಕ ಇಲ್ಲದ ತಂಡ ಒಳಗೆ ಹೋದದ್ದು ಹೇಗೆ? ಬಲವಾದ ಹೆಸರಿರುವ ತಂಡ ಹೊರಗುಳಿದದ್ದು ಹೇಗೆ? ನಿಯಮ ಗೊತ್ತಿದ್ದರೆ ಎರಡಕ್ಕೂ ಉತ್ತರ ಸಿಗುತ್ತದೆ. ಮುಂದಿನ ವಿಶ್ವ ಚಾಂಪಿಯನ್‌ಷಿಪ್ 2027ರಲ್ಲಿ ಪೋಲೆಂಡ್‌ನಲ್ಲಿ ನಡೆಯಲಿದೆ. ಅದಕ್ಕೆ ಯಾರು ಬರುತ್ತಾರೆ ಎಂದು ನೀವೇ ಲೆಕ್ಕ ಹಾಕಬಹುದು. ಒಂದು ಪೆನ್ನು, ಒಂದು ಹಾಳೆ ಸಾಕು.

ಹೆಜ್ಜೆ 1: ಸೀಟುಗಳನ್ನು ಎಣಿಸಿ

2022ರ ತನಕ 24 ತಂಡಗಳಿಗೆ ಅವಕಾಶವಿತ್ತು. 2025ರಿಂದ ಅದು 32 ಆಯಿತು. ಹಾಳೆಯ ಮೇಲೆ ಹೀಗೆ ಬರೆದುಕೊಳ್ಳಿ: ಆತಿಥೇಯ ದೇಶಕ್ಕೆ 1, ಹಾಲಿ ಚಾಂಪಿಯನ್‌ಗೆ 1, ಐದು ಖಂಡಗಳ ಚಾಂಪಿಯನ್‌ಷಿಪ್‌ಗಳಿಂದ ತಲಾ 3 ಎಂದರೆ 15. ಉಳಿದ 15 ಸೀಟು ವಿಶ್ವ ಶ್ರೇಯಾಂಕದ ಮೇಲೆ.

ಹಾಗಾಗಿ ಆಫ್ರಿಕಾಕ್ಕೆ ಇರುವುದು ಎರಡು ಬಾಗಿಲು. ಒಂದು ಆಫ್ರಿಕಾ ಚಾಂಪಿಯನ್‌ಷಿಪ್‌ನ ಪದಕ. ಇನ್ನೊಂದು ಶ್ರೇಯಾಂಕ. ಮೊದಲನೆಯದರಲ್ಲಿ ಮೂರು ಸೀಟು ಗ್ಯಾರಂಟಿ. ಎರಡನೆಯದರಲ್ಲಿ ಖಂಡಕ್ಕೆ ಇಷ್ಟು ಎಂಬ ಮೀಸಲು ಇಲ್ಲ. ಯುರೋಪ್, ಅಮೆರಿಕ, ಏಷ್ಯಾದ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಹೆಜ್ಜೆ 2: ಖಂಡದ ನಕ್ಷೆ ತಿಳಿದುಕೊಳ್ಳಿ

ಆಫ್ರಿಕಾದ ವಾಲಿಬಾಲ್ ಒಕ್ಕೂಟದ ಕಚೇರಿ ಇರುವುದು ಈಜಿಪ್ಟ್‌ನ ಕೈರೋದಲ್ಲಿ. ಖಂಡವನ್ನು ಏಳು ವಲಯಗಳಾಗಿ ಹಂಚಿದ್ದಾರೆ. ಟುನೀಷಿಯಾ, ಅಲ್ಜೀರಿಯಾ, ಲಿಬಿಯಾ, ಮೊರಾಕ್ಕೊ ಒಂದನೇ ವಲಯ. ಈಜಿಪ್ಟ್ ಇವರ ಪಕ್ಕದಲ್ಲೇ ಇದ್ದರೂ ಕೀನ್ಯಾ, ರವಾಂಡಾಗಳ ಜೊತೆ ಐದನೇ ವಲಯದಲ್ಲಿದೆ. ಮಾರಿಷಸ್, ಸೇಷೆಲ್ಸ್‌ನಂಥ ಹಿಂದೂ ಮಹಾಸಾಗರದ ದ್ವೀಪಗಳದ್ದು ಏಳನೇ ವಲಯ.

2014ರಲ್ಲಿ ಪೋಲೆಂಡ್‌ನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಆಫ್ರಿಕಾದಲ್ಲಿ ವಲಯ ಮಟ್ಟದಿಂದಲೇ ಹಂತ ಹಂತವಾಗಿ ಅರ್ಹತಾ ಸುತ್ತುಗಳು ನಡೆದಿದ್ದವು. ಆಮೇಲೆ ಆ ಉದ್ದನೆಯ ದಾರಿಯನ್ನು ಬಿಟ್ಟು ಖಂಡದ ಚಾಂಪಿಯನ್‌ಷಿಪ್ಪನ್ನೇ ಅರ್ಹತಾ ಟೂರ್ನಿ ಮಾಡಿದರು. ನನ್ನ ಪ್ರಕಾರ ಇದು ಒಳ್ಳೆಯ ಬದಲಾವಣೆ. ಆಫ್ರಿಕಾದಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ತಂಡವನ್ನು ವಿಮಾನದಲ್ಲಿ ಕಳಿಸುವುದು ಬಹಳ ದುಬಾರಿ. ಒಂದೇ ಊರಿನಲ್ಲಿ, ಎರಡು ವಾರದೊಳಗೆ ಎಲ್ಲ ಮುಗಿದರೆ ಸಣ್ಣ ದೇಶಗಳೂ ಬರಬಹುದು.

ಆದರೆ ಬರುವುದೇ ಬೇರೆ, ಗೆಲ್ಲುವುದೇ ಬೇರೆ. ಈ ಚಾಂಪಿಯನ್‌ಷಿಪ್ 1967ರಲ್ಲಿ ಟುನಿಸ್‌ನಲ್ಲಿ ಶುರುವಾಯಿತು. 2023ರ ತನಕ ನಡೆದದ್ದು 24 ಸಲ. ಟುನೀಷಿಯಾ 11 ಸಲ ಗೆದ್ದಿದೆ, ಈಜಿಪ್ಟ್ 9 ಸಲ, ಅಲ್ಜೀರಿಯಾ ಮತ್ತು ಕ್ಯಾಮರೂನ್ ಎರಡೆರಡು ಸಲ. ಮುಗಿಯಿತು, ಐದನೇ ಹೆಸರೇ ಇಲ್ಲ. ಸಹಾರಾ ಮರುಭೂಮಿಯ ದಕ್ಷಿಣದಿಂದ ಗೆದ್ದಿರುವುದು ಕ್ಯಾಮರೂನ್ ಒಂದೇ. ಅದಕ್ಕೇ ಆ ತಂಡ ಹೊರಗುಳಿದರೆ ಅರ್ಧ ಖಂಡವೇ ಹೊರಗುಳಿದಂತೆ ಅನ್ನಿಸುತ್ತದೆ. 2025ರಲ್ಲಿ ಆದದ್ದೂ ಅದೇ. ಆಫ್ರಿಕಾದಿಂದ ಹೋದ ನಾಲ್ಕೂ ತಂಡಗಳು ಉತ್ತರದ ಅರಬ್ ದೇಶಗಳವು.

ಹೆಜ್ಜೆ 3: ಗುಂಪಿನ ಲೆಕ್ಕ ಕಲಿಯಿರಿ

3-0 ಅಥವಾ 3-1ರಿಂದ ಗೆದ್ದರೆ 3 ಅಂಕ, ಸೋತವರಿಗೆ ಸೊನ್ನೆ. ಪಂದ್ಯ ಐದನೇ ಸೆಟ್‌ಗೆ ಹೋದರೆ ಗೆದ್ದವರಿಗೆ 2, ಸೋತವರಿಗೆ 1. ಗುಂಪಿನಲ್ಲಿ ಯಾರು ಮೇಲೆ ಎಂದು ತೀರ್ಮಾನಿಸುವಾಗ ಮೊದಲು ನೋಡುವುದು ಎಷ್ಟು ಪಂದ್ಯ ಗೆದ್ದರು ಎಂದು. ಅದು ಸಮ ಆದರೆ ಅಂಕ. ಅದೂ ಸಮ ಆದರೆ ಗೆದ್ದ ಸೆಟ್‌ಗಳಿಗೂ ಸೋತ ಸೆಟ್‌ಗಳಿಗೂ ಇರುವ ಅನುಪಾತ.

ಐದನೇ ಸೆಟ್ ಸೋತವರ ಆ ಒಂದು ಅಂಕ ಎಷ್ಟು ಮುಖ್ಯ ಎಂಬುದಕ್ಕೆ 2025ರ ಎ ಗುಂಪು ಒಳ್ಳೆಯ ಉದಾಹರಣೆ. ಅಲ್ಲಿ ಇದ್ದದ್ದು ಫಿಲಿಪ್ಪೀನ್ಸ್, ಇರಾನ್, ಈಜಿಪ್ಟ್, ಟುನೀಷಿಯಾ. ಈಜಿಪ್ಟ್ ಮೊದಲ ಪಂದ್ಯದಲ್ಲೇ ಇರಾನನ್ನು 3-1ರಿಂದ ಸೋಲಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಮುಂದಿನ ಪಂದ್ಯದಲ್ಲಿ ಅದೇ ಈಜಿಪ್ಟ್ ಫಿಲಿಪ್ಪೀನ್ಸ್‌ಗೆ 1-3ರಿಂದ ಸೋತಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಿಲಿಪ್ಪೀನ್ಸ್‌ಗೆ ಅದು ಮೊಟ್ಟಮೊದಲ ಗೆಲುವು. ಟುನೀಷಿಯಾ ಈಜಿಪ್ಟನ್ನೂ ಮಣಿಸಿ, ಇರಾನ್‌ಗೆ ಸೋತಿತು. ಕೊನೆಗೆ ಇರಾನ್ ಫಿಲಿಪ್ಪೀನ್ಸನ್ನು ಐದು ಸೆಟ್‌ಗಳಲ್ಲಿ, ಬಹಳ ಕಷ್ಟಪಟ್ಟು ಗೆದ್ದಿತು.

ಈಗ ಕೂಡಿಸಿ. ಟುನೀಷಿಯಾ ಎರಡು ಗೆಲುವು, 6 ಅಂಕ. ಇರಾನ್ ಕೂಡ ಎರಡು ಗೆಲುವು, ಆದರೆ 5 ಅಂಕ. ಟುನೀಷಿಯಾ ಮೊದಲು. ಕೆಳಗೆ ನೋಡಿ: ಫಿಲಿಪ್ಪೀನ್ಸ್ ಒಂದು ಗೆಲುವು, 4 ಅಂಕ. ಈಜಿಪ್ಟ್ ಒಂದು ಗೆಲುವು, 3 ಅಂಕ. ಇರಾನನ್ನು ಸೋಲಿಸಿದ ತಂಡ ಗುಂಪಿನಲ್ಲಿ ಕೊನೆಯದಾಯಿತು! ಆಫ್ರಿಕಾ ಚಾಂಪಿಯನ್ ಹಾಗೆ ಮನೆಗೆ ಹೋದದ್ದು ನೋಡಿ ನನಗಂತೂ ಸಂಕಟವಾಯಿತು.

ಹೆಜ್ಜೆ 4: ಕಂಚಿನ ಪಂದ್ಯವನ್ನು ಬಿಡಬೇಡಿ

ಸಾಮಾನ್ಯವಾಗಿ ಮೂರನೇ ಸ್ಥಾನದ ಪಂದ್ಯ ಯಾರೂ ನೋಡುವುದಿಲ್ಲ, ಅಲ್ವಾ? ಆಫ್ರಿಕಾ ಚಾಂಪಿಯನ್‌ಷಿಪ್‌ನಲ್ಲಿ ನಿಜವಾಗಿ ನೋಡಬೇಕಾದದ್ದೇ ಅದು. ಸೆಮಿಫೈನಲ್ ಗೆದ್ದ ಎರಡೂ ತಂಡಗಳಿಗೆ ಆಗಲೇ ಟಿಕೆಟ್ ಸಿಕ್ಕಿರುತ್ತದೆ. ಫೈನಲ್‌ನಲ್ಲಿ ಉಳಿಯುವುದು ಕಪ್ ಮಾತ್ರ. ಸೆಮಿಫೈನಲ್ ಸೋತ ಇಬ್ಬರಲ್ಲಿ ಒಬ್ಬರಿಗೆ ವಿಶ್ವ ಚಾಂಪಿಯನ್‌ಷಿಪ್, ಇನ್ನೊಬ್ಬರಿಗೆ ಶ್ರೇಯಾಂಕದ ಆಸೆ ಮಾತ್ರ.

ಕಂಚಿಗೆ ಯಾವಾಗಲೂ ಇಷ್ಟು ಬೆಲೆ ಇರಲಿಲ್ಲ. 2017ರಲ್ಲಿ ಕೈರೋದಲ್ಲಿ ಮೊದಲ ಮೂರು ತಂಡಗಳಿಗೆ 2018ರ ಟಿಕೆಟ್ ಸಿಕ್ಕಿತು. ಟುನೀಷಿಯಾ, ಈಜಿಪ್ಟ್, ಕ್ಯಾಮರೂನ್ ಹೋದವು. 2021ರಲ್ಲಿ ರವಾಂಡಾದ ಕಿಗಾಲಿಯಲ್ಲಿ ನಿಯಮ ಬೇರೆ ಇತ್ತು, ಟಿಕೆಟ್ ಇಬ್ಬರಿಗೆ ಮಾತ್ರ. ಟುನೀಷಿಯಾ ಚಾಂಪಿಯನ್, ಕ್ಯಾಮರೂನ್ ರನ್ನರ್ ಅಪ್. ಕಂಚು ಗೆದ್ದ ಈಜಿಪ್ಟ್‌ಗೆ ಪದಕದಿಂದ ಸೀಟು ಸಿಗಲಿಲ್ಲ, ಅದು ಶ್ರೇಯಾಂಕದ ಬಾಗಿಲಿನಿಂದ 2022ರ ಟೂರ್ನಿಗೆ ಹೋಯಿತು. 2023ರಲ್ಲಿ ಮತ್ತೆ ಮೂರು ಸೀಟು. ಕೈರೋದಲ್ಲಿ ಈಜಿಪ್ಟ್ ಚಿನ್ನ, ಅಲ್ಜೀರಿಯಾ ಬೆಳ್ಳಿ, ಲಿಬಿಯಾ ಕಂಚು.

ಲಿಬಿಯಾದ ಆ ಕಂಚು ನನಗೆ ತುಂಬ ಇಷ್ಟವಾದ ಸುದ್ದಿ. 2011ರಿಂದ ಈಚೆಗೆ ಯುದ್ಧ, ಎರಡೆರಡು ಸರ್ಕಾರ, ಒಡೆದ ಆಡಳಿತ ಕಂಡ ದೇಶ ಅದು. ಅಂಥ ಕಡೆಯಿಂದ ಹನ್ನೆರಡು ಹದಿನಾಲ್ಕು ಹುಡುಗರು ಒಂದು ತಂಡವಾಗಿ ಬಂದು ಪದಕ ಗೆದ್ದರು. ಎರಡು ವರ್ಷದ ನಂತರ ಜಪಾನ್, ಕೆನಡಾ, ಟರ್ಕಿಗಳಿದ್ದ ಗುಂಪಿನಲ್ಲಿ ಆಡಿದರು.

ಏಷ್ಯಾದಲ್ಲೂ ಇದೇ ನಿಯಮ. 2023ರಲ್ಲಿ ಅಲ್ಲಿನ ಮೂರು ಸೀಟು ಜಪಾನ್, ಇರಾನ್, ಕತಾರ್ ಪಾಲಾದವು. ಭಾರತ ತಂಡ ಹೋಗಬೇಕಾದರೂ ಇದೇ ಏಣಿ ಹತ್ತಬೇಕು.

ಹೆಜ್ಜೆ 5: ಶ್ರೇಯಾಂಕದ ಲೆಕ್ಕ ಹಾಕಿ

ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ಟುನೀಷಿಯಾ 2025ಕ್ಕೆ ಬಂದದ್ದು ಈ ಬಾಗಿಲಿನಿಂದಲೇ.

2020ರಿಂದ ಅಂತರರಾಷ್ಟ್ರೀಯ ಒಕ್ಕೂಟ ಪ್ರತಿ ಪಂದ್ಯಕ್ಕೂ ಶ್ರೇಯಾಂಕದ ಅಂಕ ಕೊಡುತ್ತದೆ. ಒಬ್ಬರಿಗೆ ಸಿಕ್ಕಷ್ಟೇ ಅಂಕ ಎದುರಾಳಿಯಿಂದ ಹೋಗುತ್ತದೆ. ಲೆಕ್ಕಕ್ಕೆ ಮೂರು ಸಂಖ್ಯೆ ಬೇಕು.

ಮೊದಲನೆಯದು ಫಲಿತಾಂಶ. 3-0 ಗೆದ್ದರೆ 2, 3-1 ಗೆದ್ದರೆ 1.5, 3-2 ಗೆದ್ದರೆ 1. ಸೋತರೆ ಇವೇ ಸಂಖ್ಯೆಗಳ ಹಿಂದೆ ಮೈನಸ್. ಎರಡನೆಯದು ನಿರೀಕ್ಷೆ. ಎರಡು ತಂಡಗಳ ಈಗಿನ ಅಂಕ ನೋಡಿ, ಫಲಿತಾಂಶ ಎಷ್ಟಿರಬಹುದು ಎಂದು ಸೂತ್ರವೇ ಮೊದಲು ಊಹಿಸುತ್ತದೆ. ಇಬ್ಬರೂ ಸಮಬಲ ಇದ್ದರೆ ನಿರೀಕ್ಷೆ ಸೊನ್ನೆ. ಮೂರನೆಯದು ಟೂರ್ನಿಯ ತೂಕ. ಒಲಿಂಪಿಕ್ಸ್‌ಗೆ 50, ವಿಶ್ವ ಚಾಂಪಿಯನ್‌ಷಿಪ್‌ಗೆ 45, ನೇಷನ್ಸ್ ಲೀಗ್‌ಗೆ (ಆಯ್ದ ದೇಶಗಳ ತಂಡಗಳು ಪ್ರತಿ ವರ್ಷ ಆಡುವ ಟೂರ್ನಿ) 40, ಖಂಡದ ಚಾಂಪಿಯನ್‌ಷಿಪ್‌ಗೆ 35.

ಫಲಿತಾಂಶದಿಂದ ನಿರೀಕ್ಷೆಯನ್ನು ಕಳೆಯಿರಿ, ತೂಕದಿಂದ ಗುಣಿಸಿ, 8ರಿಂದ ಭಾಗಿಸಿ. ಅಷ್ಟೇ.

ಆಫ್ರಿಕಾ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರು ಸಮಬಲರು ಆಡಿ, ಒಬ್ಬರು 3-0 ಗೆದ್ದರು ಎನ್ನಿ. 2 ಗುಣಿಸು 35, ಭಾಗಿಸು 8: ಅಂದರೆ 8.75 ಅಂಕ. ಈಗ ಬಲಶಾಲಿ ತಂಡವೊಂದು ದುರ್ಬಲ ತಂಡದ ಎದುರು ಆಡುತ್ತಿದೆ, ನಿರೀಕ್ಷೆ 1.5 ಎಂದುಕೊಳ್ಳೋಣ. 3-0 ಗೆದ್ದರೂ ಸಿಗುವುದು ಬರೀ 2.19. ಅದೇ 2-3ರಿಂದ ಸೋತರೆ ಕಳೆದುಕೊಳ್ಳುವುದು 10.94! ಈಜಿಪ್ಟ್, ಟುನೀಷಿಯಾದಂಥ ತಂಡಗಳಿಗೆ ಖಂಡದೊಳಗಿನ ಬಹುತೇಕ ಪಂದ್ಯಗಳು ಹೀಗೇ. ಗೆದ್ದರೆ ಚಿಲ್ಲರೆ, ಸೋತರೆ ದೊಡ್ಡ ಪೆಟ್ಟು.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ಆಫ್ರಿಕಾದವರು ತಮ್ಮತಮ್ಮಲ್ಲೇ ಆಡಿದರೆ ಒಟ್ಟು ಅಂಕ ಹೆಚ್ಚುವುದಿಲ್ಲ. ಒಂದೇ ಮನೆಯ ದುಡ್ಡು ಅಣ್ಣನ ಜೇಬಿನಿಂದ ತಮ್ಮನ ಜೇಬಿಗೆ ಹೋದ ಹಾಗೆ. ಹೊರಗಿನಿಂದ ಅಂಕ ತರಬೇಕಾದರೆ ಹೊರಗಿನವರ ಜೊತೆ ಆಡಬೇಕು. ಅದಕ್ಕೆ ಇರುವ ದೊಡ್ಡ ವೇದಿಕೆ ನೇಷನ್ಸ್ ಲೀಗ್. ಅಲ್ಲಿರುವ ಪ್ರತಿ ತಂಡಕ್ಕೂ ವರ್ಷಕ್ಕೆ ಕನಿಷ್ಠ 12 ಪಂದ್ಯ, ಪ್ರತಿಯೊಂದಕ್ಕೂ 40ರ ತೂಕ. 2018ರಲ್ಲಿ ಲೀಗ್ ಶುರುವಾದಾಗಿನಿಂದ 2025ರ ತನಕ ಆಫ್ರಿಕಾದ ಒಂದು ಪುರುಷರ ತಂಡವೂ ಅದರಲ್ಲಿ ಆಡಿಲ್ಲ.

ಮೊದಲು ಚಾಲೆಂಜರ್ ಕಪ್ ಎಂಬ ಟೂರ್ನಿ ಗೆದ್ದು ಲೀಗ್‌ಗೆ ಏರಬಹುದಿತ್ತು. 2022ರಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಟುನೀಷಿಯಾ ಅದನ್ನು ಆಡಿತ್ತು ಕೂಡ. ಈಗ ಆ ಕಪ್ ಇಲ್ಲ. ಲೀಗ್‌ಗೆ ಏರುವುದೂ ಶ್ರೇಯಾಂಕದಿಂದಲೇ. ಶ್ರೇಯಾಂಕ ಬೇಕಾದರೆ ಲೀಗ್ ಆಡಬೇಕು, ಲೀಗ್ ಆಡಬೇಕಾದರೆ ಶ್ರೇಯಾಂಕ ಬೇಕು. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆಟ ಚೆನ್ನಾಗಿದ್ದರೂ ಸಾಲದು, ಆಡುವ ಅವಕಾಶವೇ ಕಡಿಮೆ. 2022ರಲ್ಲಿ ಈಜಿಪ್ಟ್, 2025ರಲ್ಲಿ ಟುನೀಷಿಯಾ: ಶ್ರೇಯಾಂಕದಿಂದ ಒಳಬಂದದ್ದು ಒಂದೊಂದೇ ತಂಡ ಏಕೆ ಎಂದು ಈಗ ಗೊತ್ತಾಯಿತಲ್ಲ.

ಈ ಸೂತ್ರ ಹಿಡಿದು 2025ರಲ್ಲಿ ಈಜಿಪ್ಟ್ ಆಡಿದ ಆ ಎರಡು ಪಂದ್ಯಗಳನ್ನು ಮತ್ತೆ ನೋಡಿ. ಈಜಿಪ್ಟ್ ಇರಾನನ್ನು 3-1ರಿಂದ ಸೋಲಿಸಿತು. ಸಮಬಲರಾಗಿದ್ದರೆ 8.44 ಅಂಕ ಸಿಗುತ್ತಿತ್ತು, ಇರಾನ್ ಬಲಶಾಲಿಯಾದ್ದರಿಂದ ಅದಕ್ಕಿಂತ ಜಾಸ್ತಿ. ಆಮೇಲೆ ಶ್ರೇಯಾಂಕದಲ್ಲಿ ತನಗಿಂತ ಎಷ್ಟೋ ಕೆಳಗಿದ್ದ ಫಿಲಿಪ್ಪೀನ್ಸ್‌ಗೆ 1-3ರಿಂದ ಸೋತು, 8.44ಕ್ಕಿಂತ ಜಾಸ್ತಿಯನ್ನೇ ಕಳೆದುಕೊಂಡಿತು.

ಹೆಜ್ಜೆ 6: ಡ್ರಾ ನೋಡಿ

ಟಿಕೆಟ್ ಸಿಕ್ಕವರಿಗೂ ಶ್ರೇಯಾಂಕದ ಕಾಟ ತಪ್ಪುವುದಿಲ್ಲ. ಡ್ರಾ ಎಂದರೆ ತಂಡಗಳನ್ನು ಚೀಟಿ ಎತ್ತಿ ಗುಂಪುಗಳಿಗೆ ಹಂಚುವುದು: ಎಂಟು ಗುಂಪು, ಗುಂಪಿಗೆ ನಾಲ್ಕು ತಂಡ. ಆತಿಥೇಯರು ಎ ಗುಂಪಿನ ತಲೆಯಲ್ಲಿ, ಶ್ರೇಯಾಂಕದ ಮೊದಲ ಏಳು ತಂಡಗಳು ಉಳಿದ ಗುಂಪುಗಳ ತಲೆಯಲ್ಲಿ. ಕೆಳಗಿನ ಸಾಲಿನವರಿಗೆ ಯಾರು ಸಿಗುತ್ತಾರೋ ಅದೃಷ್ಟ. 2025ರಲ್ಲಿ ಅಲ್ಜೀರಿಯಾಕ್ಕೆ ಸಿಕ್ಕಿದ್ದು ಹಾಲಿ ಚಾಂಪಿಯನ್ ಇಟಲಿ, ಜೊತೆಗೆ ಉಕ್ರೇನ್, ಬೆಲ್ಜಿಯಂ. ಇಟಲಿ ಕೊನೆಗೆ ಬಲ್ಗೇರಿಯಾವನ್ನು ಸೋಲಿಸಿ ಮತ್ತೆ ಕಪ್ ಎತ್ತಿತು. ಟುನೀಷಿಯಾಕ್ಕೆ ಆತಿಥೇಯರ ಗುಂಪು ಸಿಕ್ಕಿತು, ಅದನ್ನು ಚೆನ್ನಾಗಿ ಬಳಸಿಕೊಂಡು ಕೊನೆಯ 16ರಲ್ಲಿ ಚೆಕ್ ತಂಡಕ್ಕೆ ಸೋಲುವ ತನಕ ಬಂತು.

ಹೆಜ್ಜೆ 7: 2027ಕ್ಕೆ ಹಾಳೆ ಸಿದ್ಧ ಮಾಡಿ

ಆತಿಥೇಯರ ಸಾಲಿನಲ್ಲಿ ಪೋಲೆಂಡ್, ಚಾಂಪಿಯನ್ ಸಾಲಿನಲ್ಲಿ ಇಟಲಿ ಎಂದು ಈಗಲೇ ಬರೆದುಬಿಡಿ. ಆಫ್ರಿಕಾದ ಕೆಳಗೆ ಮೂರು ಖಾಲಿ ಗೆರೆ ಬಿಡಿ. ಅವನ್ನು ತುಂಬುವುದು 2026ರ ಆಫ್ರಿಕಾ ಚಾಂಪಿಯನ್‌ಷಿಪ್. ಆ ಟೂರ್ನಿಯಲ್ಲಿ ಮೊದಲ ಸ್ಥಾನಕ್ಕೆ ಇನ್ನೊಂದು ಬಹುಮಾನವೂ ಇದೆ: 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನೇರ ಟಿಕೆಟ್. ಹಾಗಾಗಿ ಫೈನಲ್‌ಗೂ ಈಗ ಕಪ್‌ಗಿಂತ ದೊಡ್ಡ ಬೆಲೆ ಬಂದಿದೆ.

ಶ್ರೇಯಾಂಕದ ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪ್ರತಿ ಪಂದ್ಯಕ್ಕೂ ಅದು ಬದಲಾಗುತ್ತದೆ. ಆಫ್ರಿಕಾದ ಸೆಮಿಫೈನಲ್‌ಗಳಲ್ಲಿ ಕ್ಯಾಮರೂನ್ ಹೆಸರು ಕಂಡರೆ ಅದರ ಮುಂದೆ ಒಂದು ಗುರುತು ಹಾಕಿ. ಅಲ್ಲಿಂದ ಒಂದು ಪಂದ್ಯ ಗೆದ್ದರೆ ಸಾಕು, ಸಹಾರಾದ ದಕ್ಷಿಣದ ತಂಡವೊಂದು ಪೋಲೆಂಡ್‌ಗೆ ಹೋಗುತ್ತದೆ.