ಬಾವಿ ನೀರಿಗೆ ಸೀಲ್ ಹಾಕಿಸಿದ ಅನುಭವ

ವಕೀಲಿ ಶುರು ಮಾಡಿದ ಹೊಸತರಲ್ಲಿ ಒಂದು ಊರಿನವರು ಬಂದು ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಬಾಟಲಿ ಇಟ್ಟರು. ಅದರಲ್ಲಿ ಕಾರ್ಖಾನೆಯ ಕೊಳಕಿನಿಂದ ಕೆಟ್ಟಿದೆ ಅಂತ ಅವರು ದೂರುತ್ತಿದ್ದ ಬಾವಿ ನೀರು. ಚಹಾದ ಬಣ್ಣ, ಅಡಿಯಲ್ಲಿ ಗಸಿ. "ದನ ಕೂಡ ಮೂಸಿ ನೋಡಿ ಹಿಂದೆ ಸರೀತವೆ ಸರ್" ಅಂದರು. ಅದನ್ನೇ ಖಾಸಗಿ ಲ್ಯಾಬಿಗೆ ಕಳಿಸಿದೆ. ನೀರು ಕುಡಿಯಲು ಯೋಗ್ಯವಲ್ಲ ಅಂತ ವರದಿ ಬಂತು. ಇನ್ನೇನು ಬೇಕು ಅಂದುಕೊಂಡಿದ್ದೆ.

ಎದುರು ಪಕ್ಷದ ವಕೀಲರು ಕೇಳಿದ್ದು ಮೂರೇ ಪ್ರಶ್ನೆ. ಇದು ಯಾವ ಬಾವಿ ನೀರು? ತುಂಬಿದವರು ಯಾರು? ಬಾಟಲಿಯಲ್ಲಿ ಮೊದಲು ಏನಿತ್ತು? ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರದಿಗೆ ಬೆಲೆಯೇ ಸಿಗಲಿಲ್ಲ. ಊರಿನವರ ಮುಖ ನೋಡೋಕೆ ಆಗಲಿಲ್ಲ. ತಪ್ಪು ನನ್ನದು.

ಆಮೇಲೆ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕಾರ್ಖಾನೆಯ ಕೊಳಕು ನೀರಿನ ಸ್ಯಾಂಪಲ್ ತೆಗೆಯೋ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಆದರೆ ಹೇಗಂದರೆ ಹಾಗೆ ತೆಗೆಯುವಂತಿಲ್ಲ. ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರೆದುರು ಸ್ಯಾಂಪಲನ್ನು ಎರಡು ಭಾಗ ಮಾಡಬೇಕು. ಗುರುತು ಹಾಕಿ, ಸೀಲ್ ಮಾಡಿ, ಇಬ್ಬರೂ ಸಹಿ ಹಾಕಬೇಕು. ಅವರು ಬೇಕಂತಲೇ ಬರದಿದ್ದರೂ ಕೆಲಸ ನಿಲ್ಲಲ್ಲ. ಸ್ಯಾಂಪಲ್ ತೆಗೆದವರ ಸಹಿಯೊಂದೇ ಸಾಕು. ಆದರೆ ಈ ಕ್ರಮ ತಪ್ಪಿದರೆ ವರದಿಯನ್ನು ಸಾಕ್ಷಿಯಾಗಿ ಒಪ್ಪೋದಿಲ್ಲ.

ಮುಂದಿನ ಕೇಸಿನಲ್ಲಿ ಮೊದಲು ಮಾಡಿದ್ದು ಮಾಹಿತಿ ಹಕ್ಕಿನ ಅರ್ಜಿ. ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರದ ನಕಲು ಕೇಳಿದೆ. ನನ್ನ ಮಟ್ಟಿಗೆ ಇಂಥ ಕೇಸುಗಳಲ್ಲಿ ಅದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲ. ಎಷ್ಟು ನೀರು, ಎಲ್ಲಿಗೆ, ಯಾವ ಮಿತಿಯಲ್ಲಿ ಬಿಡಬಹುದು, ಎಲ್ಲ ಅದರಲ್ಲೇ ಇರುತ್ತೆ. ಸಾಮಾನ್ಯ ಮಾನದಂಡದಲ್ಲಿ ಹಳ್ಳಕ್ಕೆ ಬಿಡುವ ನೀರಿನ ಬಿಒಡಿ, ಅಂದರೆ ಅದರಲ್ಲಿರೋ ಕೊಳಕು ಕೊಳೆಯೋಕೆ ಬೇಕಾಗೋ ಆಮ್ಲಜನಕದ ಪ್ರಮಾಣ, ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಅದೇ ನೀರನ್ನು ಹೊಲಕ್ಕೆ ಹಾಯಿಸೋದಾದರೆ 100ರವರೆಗೆ ಅವಕಾಶ ಇದೆ. ಈ ಕಾರ್ಖಾನೆಗೆ ಒಂದು ಹನಿಯನ್ನೂ ಹೊರಗೆ ಬಿಡಬಾರದು ಅನ್ನೋ ಷರತ್ತಿತ್ತು. ಆದರೆ ಹಿಂದಿನ ಕಾಂಪೌಂಡಿನ ಬುಡದಲ್ಲಿ ಒಂದು ಪೈಪ್ ಇತ್ತು!

ಮಂಡಳಿಯ ಅಧಿಕಾರಿಗಳು ಬಂದ ದಿನ ನಾನೂ ಹೋಗಿದ್ದೆ. ಬಾವಿ ನೀರನ್ನೂ ತೆಗೆದರು. ಬಕೆಟನ್ನು ಅದೇ ಬಾವಿ ನೀರಲ್ಲಿ ಮೂರು ಸಲ ತೊಳೆದರು. ಬಿಒಡಿ ಬಾಟಲಿಯನ್ನು ಕಂಠದವರೆಗೆ ತುಂಬಿದರು, ಒಳಗೆ ಒಂದು ಗುಳ್ಳೆಯೂ ಉಳಿಯದ ಹಾಗೆ. ಲೋಹದ ಪರೀಕ್ಷೆಯ ಬಾಟಲಿಗೆ ನಾಲ್ಕು ಹನಿ ಆಸಿಡ್. ಐಸ್ ಪೆಟ್ಟಿಗೆಗೆ ಇಡೋ ಮುಂಚೆ ಅರಗು ಕರಗಿಸಿ ಒತ್ತಿದರು. ಆ ಅರಗಿನ ವಾಸನೆ ಇವತ್ತಿಗೂ ನೆನಪಿದೆ.

ಇನ್ನೊಂದು ಕಡೆ ಎಡವೋದು ತಾರೀಕಿನ ವಿಷಯದಲ್ಲಿ. ಪರಿಸರದ ಕೇಸು ಕೇಳೋ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅದರ ಕಾಯ್ದೆಯ 14ನೇ ಸೆಕ್ಷನ್ ಅಡಿ ಹೋಗೋದಾದರೆ ತೊಂದರೆ ಮೊದಲು ಶುರುವಾದ ದಿನದಿಂದ 6 ತಿಂಗಳೊಳಗೆ ಹೋಗಬೇಕು. ಸರಿಯಾದ ಕಾರಣ ಇದ್ದರೆ ಇನ್ನು 60 ದಿನ, ಅದರಾಚೆ ಇಲ್ಲ. ಪರಿಹಾರ ಕೇಳೋ 15ನೇ ಸೆಕ್ಷನ್‌ಗೆ 5 ವರ್ಷ ಇದೆ. "ಯಾವತ್ತಿಂದ ಹೀಗಾಯ್ತಮ್ಮ?" ಅಂತ ಅಲ್ಲಿದ್ದ ಅಜ್ಜಿಯನ್ನು ಕೇಳಿದೆ. "ಗೌರಿ ಹಬ್ಬದ ಮಾರನೇ ದಿನ ಕಣಪ್ಪ, ಕೊಡ ಎತ್ತಿದರೆ ನಾತ" ಅಂದರು. ಕ್ಯಾಲೆಂಡರ್ ನೋಡಿ ಆ ತಾರೀಕನ್ನೇ ಅಫಿಡವಿಟ್‌ನಲ್ಲಿ ಬರೆದೆ. ಅರ್ಜಿ ಚೆನ್ನೈನ ದಕ್ಷಿಣ ಪೀಠಕ್ಕೆ ಹೋಯಿತು, ಅವಧಿಯೊಳಗೇ. ಆ ಪೈಪ್ ಮುಚ್ಚಿದರು.

ಆದರೆ ಆ ಪೈಪಿನ ನೀರು ಹರಿದ ಹೊಲದ ಮಣ್ಣು ಕೆಟ್ಟ ಹಾಗೇ ಉಳಿಯಿತು. ನನ್ನನ್ನು ಜಾಸ್ತಿ ಕಾಡೋದು ಇದೇ. ನೀರಿಗೆ 1974ರಲ್ಲೇ ಕಾಯ್ದೆ ಬಂತು, ಗಾಳಿಗೆ 1981ರಲ್ಲಿ. ಮಣ್ಣಿಗೆ ಅಂತ ಅಂಥದ್ದೊಂದು ಕಾಯ್ದೆ ಬರಲಿಲ್ಲ. ರಾಜಸ್ಥಾನದ ಬಿಛ್ರಿ ಅನ್ನೋ ಊರಲ್ಲಿ ಎಚ್-ಆಸಿಡ್ ಅನ್ನೋ ಬಣ್ಣದ ರಾಸಾಯನಿಕದ ತಯಾರಿಕೆ ನಿಂತ ಮೇಲೂ ಅದರ ಕೆಸರು ಮಣ್ಣಿಗಿಳಿದು ಬಾವಿಗಳನ್ನು ಕೆಡಿಸುತ್ತಲೇ ಇತ್ತು. ಕೆಡಿಸಿದವರೇ ಸರಿಪಡಿಸೋ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ಆ ಊರಿನ ಕೇಸಿನಲ್ಲೇ.

2025ರಲ್ಲಿ ಕಲುಷಿತ ಜಾಗಗಳಿಗೆ ಅಂತಲೇ ಕೇಂದ್ರದ ನಿಯಮ ಬಂದಿದೆ. ಅನುಮಾನ ಇರೋ ಜಾಗಗಳನ್ನು ಸ್ಥಳೀಯ ಸಂಸ್ಥೆ, ಜಿಲ್ಲಾಡಳಿತ ಗುರುತಿಸಿ ವರದಿ ಮಾಡಬೇಕು. ಹಾಗಾಗಿ ಆ ಹೊಲದ ಸರ್ವೆ ನಂಬರ್, ಸೀಲ್ ಆದ ಸ್ಯಾಂಪಲ್‌ಗಳ ವರದಿ ಎಲ್ಲ ಸೇರಿಸಿ ಪಂಚಾಯಿತಿಗೂ ಜಿಲ್ಲಾಧಿಕಾರಿಗೂ ಅರ್ಜಿ ಬರೆದಿದ್ದೇನೆ. ಮೊದಲ ಸಹಿ ಆ ಅಜ್ಜಿಯದು.