ಕಾರು 50 ಮಿ.ಮೀ. ತಗ್ಗಿದರೆ ರೋಲ್ ಸೆಂಟರ್ ಎಷ್ಟು ತಗ್ಗುತ್ತದೆ?

1969ರಲ್ಲಿ ಹೊರಬಂದ ಜಪಾನಿನ ಡಾಟ್ಸನ್ 240ಝಡ್ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕುವುದು ದೊಡ್ಡ ಕೆಲಸವೇನಲ್ಲ. ಆದರೆ ಸ್ಪ್ರಿಂಗ್ ಗಡುಸಾಗಿದ್ದರೂ ತಿರುವಿನಲ್ಲಿ ಮೂತಿ ಎಣಿಸಿದ್ದಕ್ಕಿಂತ ಹೆಚ್ಚು ವಾಲುತ್ತದೆ, ಗುಂಡಿ ಸಿಕ್ಕಾಗ ಸ್ಟೀರಿಂಗ್ ತಾನಾಗಿ ಎಳೆಯುತ್ತದೆ. ಇದಕ್ಕೆ ಕಾರಣ ಲೋಯರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಕಾರಿನ ಒಡಲಿಗೆ ಕೂಡಿಸುವ ತೋಳು) ಕೋನ. ಅದು ಬದಲಾದರೆ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ತಗ್ಗುತ್ತದೆ. ಬಿಡಿಭಾಗ ಕೊಳ್ಳುವ ಮೊದಲು ಲೆಕ್ಕ ಹಾಕಿಕೊಳ್ಳಿ.

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ, ಟ್ಯಾಂಕ್ ಅರ್ಧ ತುಂಬಿರಲಿ, ಚಾಲಕನ ಸೀಟಿನಲ್ಲಿ ಚಾಲಕನಷ್ಟು ಭಾರ ಇರಲಿ. ತೂಗುಗುಂಡು ಇಳಿಬಿಟ್ಟು ಐದು ಬಿಂದುಗಳನ್ನು ಗುರುತಿಸಿ: ಸ್ಟ್ರಟ್‌ನ (ಸ್ಪ್ರಿಂಗ್ ಹೊತ್ತು ನಿಂತ ಕಂಬ) ಮೇಲ್ತುದಿ, ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯ ಗೋಲದ ಕೀಲು), ಆರ್ಮ್‌ನ ಒಳ ಬುಷ್ (ಒಳತುದಿಯ ರಬ್ಬರ್ ಕೀಲು), ಟೈ ರಾಡ್‌ನ (ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಸರಳು) ಒಳತುದಿ, ಹೊರತುದಿ. ಪ್ರತಿಯೊಂದಕ್ಕೂ ನೆಲದಿಂದ ಎತ್ತರ ಮತ್ತು ಕಾರಿನ ನಡುಗೆರೆಯಿಂದ ದೂರ ಬೇಕು. ಬಾಲ್ ಜಾಯಿಂಟ್‌ನಲ್ಲಿ ಅಳೆಯಬೇಕಾದ್ದು ಗೋಲದ ನಡುವನ್ನು, ನಟ್ಟನ್ನಲ್ಲ. ಇಲ್ಲಿ 1 ಮಿ.ಮೀ. ತಪ್ಪಿದರೆ ಉತ್ತರ ಸುಮಾರು 3 ಮಿ.ಮೀ. ತಪ್ಪುತ್ತದೆ.

ಈಗ ಗ್ರಾಫ್ ಹಾಳೆಯಲ್ಲಿ 1:5 ಅಳತೆಯಲ್ಲಿ ಬರೆಯಿರಿ. ಸ್ಟ್ರಟ್ ಮೇಲ್ತುದಿಯಿಂದ ಸ್ಟ್ರಟ್ ರಾಡ್‌ಗೆ ಲಂಬವಾಗಿ ಒಂದು ಗೆರೆ ಒಳಕ್ಕೆ ಎಳೆಯಿರಿ. ಆರ್ಮ್‌ನ ಗೆರೆಯನ್ನೂ ಒಳಕ್ಕೆ ಚಾಚಿ. ಎರಡೂ ಕೂಡುವ ಬಿಂದುವಿಗೆ ಟೈರು ನೆಲ ಮುಟ್ಟುವ ಜಾಗದ ನಡುವಿನಿಂದ ಗೆರೆ ಎಳೆದರೆ, ಅದು ಕಾರಿನ ನಡುಗೆರೆಯನ್ನು ದಾಟುವ ಎತ್ತರವೇ ರೋಲ್ ಸೆಂಟರ್. ಕೂಡುಬಿಂದು ಹಾಳೆಯಾಚೆ ಹೋದರೆ ಗೆರೆಗಳ ಸಮೀಕರಣ ಬಿಡಿಸಿ. ಪ್ರೌಢಶಾಲೆಯ ಗಣಿತ ಸಾಕು.

ಒಂದು ಉದಾಹರಣೆ (ದುಂಡು ಸಂಖ್ಯೆಗಳಿವು, ಸ್ಟ್ರಟ್ ರಾಡ್ ಮೇಲ್ತುದಿಯಿಂದ ಬಾಲ್ ಜಾಯಿಂಟ್‌ನತ್ತ ನೇರವಾಗಿದೆ ಎಂದು ಎಣಿಸಿದೆ; ನಿಮ್ಮ ಕಾರನ್ನು ನೀವೇ ಅಳೆಯಬೇಕು). ಮುಂದಿನ ಚಕ್ರಗಳ ನಡುವೆ 1355 ಮಿ.ಮೀ. ಒಳ ಬುಷ್ ನಡುಗೆರೆಯಿಂದ 350 ದೂರ, 210 ಎತ್ತರ. ಬಾಲ್ ಜಾಯಿಂಟ್ 643, 190. ಸ್ಟ್ರಟ್ ಮೇಲ್ತುದಿ 530, 720. ರೋಲ್ ಸೆಂಟರ್ ನೆಲದಿಂದ 110 ಮಿ.ಮೀ. ಮೇಲೆ ಸಿಗುತ್ತದೆ. ಕಾರನ್ನು 50 ತಗ್ಗಿಸಿದಾಗ ಬುಷ್ 160ಕ್ಕೆ ಇಳಿಯುತ್ತದೆ, ಬಾಲ್ ಜಾಯಿಂಟ್ 190ರಲ್ಲೇ ಉಳಿಯುತ್ತದೆ. ಆರ್ಮ್ ಹೊರಮುಖವಾಗಿ ಮೇಲೇರಿ, ರೋಲ್ ಸೆಂಟರ್ ನೆಲಕ್ಕಿಂತ 36 ಮಿ.ಮೀ. ಕೆಳಗೆ! ಕಾರು ಇಳಿದದ್ದು 50, ಇದು ಇಳಿದದ್ದು 146. ಗುರುತ್ವಕೇಂದ್ರ 480ರಿಂದ 430ಕ್ಕೆ ಬಂತೆನ್ನಿ. ಅದಕ್ಕೂ ರೋಲ್ ಸೆಂಟರ್‌ಗೂ ನಡುವಿನ ಅಂತರ 370ರಿಂದ 466ಕ್ಕೆ ಹಿಗ್ಗಿತು. ವಾಲಿಸುವ ಸನ್ನೆ ಕಾಲು ಭಾಗದಷ್ಟು ಉದ್ದವಾಯಿತು. ಜೊತೆಗೆ, ಚಕ್ರ 25 ಮಿ.ಮೀ. ಏರಿದಾಗ ಸಿಗುತ್ತಿದ್ದ 0.7 ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು) 0.4ಕ್ಕೆ ಕುಸಿಯಿತು.

ಪರಿಹಾರ ಸ್ಪೇಸರ್, ಅಂದರೆ ಎರಡು ಭಾಗಗಳ ನಡುವೆ ಕೂರಿಸುವ ದಪ್ಪ ಲೋಹದ ತುಂಡು. 240ಝಡ್‌ನಲ್ಲಿ ಅದು ಸ್ಟ್ರಟ್‌ನ ತಳಕ್ಕೂ ಸ್ಟೀರಿಂಗ್ ಆರ್ಮ್‌ಗೂ ನಡುವೆ ಕೂರುತ್ತದೆ. ಬಾಲ್ ಜಾಯಿಂಟ್, ಟೈ ರಾಡ್‌ನ ಹೊರತುದಿ ಎರಡೂ ಒಟ್ಟಿಗೆ ಇಳಿಯುವುದೇ ಇದರ ಲಾಭ. 25 ಮಿ.ಮೀ. ಸ್ಪೇಸರ್ ಹಾಕಿ ಮತ್ತೆ ಲೆಕ್ಕ ಮಾಡಿದರೆ ರೋಲ್ ಸೆಂಟರ್ ನೆಲದಿಂದ 32 ಮೇಲೆ. ರಸ್ತೆಯ ಕಾರಿಗೆ ಇಷ್ಟು ಸಾಕು, 110ನ್ನೇ ಮರಳಿ ಪಡೆಯುವ ಹಟ ಬೇಡ. ಬೋಲ್ಟ್‌ಗಳು ಸ್ಪೇಸರ್‌ನಷ್ಟೇ ಉದ್ದ ಹೆಚ್ಚಿರಬೇಕು, 10.9 ದರ್ಜೆಯವಾಗಿರಬೇಕು. 14 ಇಂಚಿನ ರಿಮ್‌ಗೆ ಜಾಯಿಂಟ್ ತಾಗುವುದೋ ಎಂದು ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ರೇಸಿನವರು ಒಳ ಬುಷ್‌ನ ತೂತನ್ನೇ ಸುಮಾರು 19 ಮಿ.ಮೀ. ಮೇಲಕ್ಕೆ, 6 ಹೊರಕ್ಕೆ ಸರಿಸುವುದುಂಟು. ಬಂಪ್ ಸ್ಟೀರ್ (ಚಕ್ರ ಮೇಲೆ ಕೆಳಗೆ ಹೋದಾಗ ತಾನಾಗಿ ತಿರುಗುವುದು) ಅಳೆಯದೆ ಅದನ್ನು ನಕಲು ಮಾಡಬೇಡಿ.

ಬಂಪ್ ಸ್ಟೀರ್ ಅಳೆಯಲು ಸ್ಪ್ರಿಂಗ್ ಬಿಚ್ಚಿ, ಸ್ಟೀರಿಂಗನ್ನು ನೇರಕ್ಕೆ ಬಿಗಿದು, ಚಕ್ರದ ಬದಲು ಚಪ್ಪಟೆ ಹಲಗೆ ಕಟ್ಟಿ. ಅದರ ಮುಂದೊಂದು ಹಿಂದೊಂದು ಡಯಲ್ ಗೇಜ್ ಇಟ್ಟು, ಜಾಕ್‌ನಿಂದ 10 ಮಿ.ಮೀ. ಹೆಜ್ಜೆಯಲ್ಲಿ 40 ಮೇಲೆ, 40 ಕೆಳಗೆ ಸರಿಸಿ. ಎರಡು ಗೇಜ್‌ಗಳ ವ್ಯತ್ಯಾಸವೇ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಬದಲಾವಣೆ. 25 ಮಿ.ಮೀ. ಚಲನೆಗೆ ಅದು ಅರ್ಧ ಮಿ.ಮೀ. ಒಳಗಿದ್ದರೆ ಮುಂದುವರಿಯಿರಿ. ಏರಿದಾಗ ಒಂದು ದಿಕ್ಕು, ಇಳಿದಾಗ ಇನ್ನೊಂದು ದಿಕ್ಕಿಗೆ ತಿರುಗಿದರೆ ಟೈ ರಾಡ್‌ನ ಎತ್ತರ ತಪ್ಪಿದೆ. ಎರಡೂ ಸಲ ಒಂದೇ ದಿಕ್ಕಿಗಾದರೆ ಅದರ ಉದ್ದ ಆರ್ಮ್‌ಗೆ ಹೊಂದುತ್ತಿಲ್ಲ.

ಒಳ ಬುಷ್‌ನ ಬೋಲ್ಟನ್ನು ಕಾರು ತನ್ನ ಭಾರದಲ್ಲಿ ನಿಂತ ಮೇಲೆಯೇ ಬಿಗಿಯಿರಿ. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಟೋ ಹೊಂದಿಸುವುದು ಇದೆಲ್ಲ ಮುಗಿದ ನಂತರ.