ಕೈತಪ್ಪಿದ ಆಲೆಮನೆ, ಕೈಹಿಡಿದ ಪುಡಿ ಬೆಲ್ಲ

ನಾಲೆ ಪಕ್ಕ, ಟಾರು ರಸ್ತೆಗೆ ಅಂಟಿಕೊಂಡ ಆಲೆಮನೆ. ಎರಡು ಕೊಪ್ಪರಿಗೆ, ಮೂರು ರೋಲಿನ ಗಾಣ, ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ, ಒಲೆಗೆ ಉರುವಲು) ಒಣಹಾಕಲು ಹತ್ತು ಗುಂಟೆ ಬಯಲು. ಮುಂಗಡ ಸುಮಾರು 4 ಲಕ್ಷ, ವರ್ಷಕ್ಕೆ ಗುತ್ತಿಗೆ ಒಂದೂವರೆ ಲಕ್ಷ. ಮೂರು ವರ್ಷ ನಡೆಸಿದರೆ ಕ್ರಯಕ್ಕೂ ಕೊಡುವ ಮಾತಿತ್ತು. ಬೇಡವೆಂದುಬಿಟ್ಟೆ.

ಆಗಿನ ಲೆಕ್ಕ ಹೀಗಿತ್ತು. ಒಂದು ಟನ್ ಕಬ್ಬಿಗೆ 3,000, ಕಡಿತ ಮತ್ತು ಸಾಗಣೆ 700, ಆಲೆ ಖರ್ಚು 1,000. ಬರುವ ಬೆಲ್ಲ 105 ಕೆಜಿ. ಕೆಜಿಗೆ 45 ರೂಪಾಯಿ ಅಸಲು ಬೀಳುತ್ತಿತ್ತು, ಮಂಡಿಯಲ್ಲಿ ಸಿಗುತ್ತಿದ್ದುದು 38–40. ಲೆಕ್ಕ ಸರಿಯಿತ್ತು, ಲೆಕ್ಕಕ್ಕೆ ಹಿಡಿದ ಬೆಲ್ಲ ತಪ್ಪು. ಮಂಡಿಗೆ ಹೋಗುವ ಅಚ್ಚು ಬೆಲ್ಲದ ಬದಲು, ಬಣ್ಣ ತಿಳಿಯಾಗಿಸುವ ರಾಸಾಯನಿಕವಾದ ಹೈಡ್ರೋಸ್ ಹಾಕದ ಪುಡಿ ಬೆಲ್ಲವನ್ನು ನೇರ ಮನೆಗಳಿಗೆ 95ಕ್ಕೆ ಕೊಟ್ಟರೆ, ಪ್ಯಾಕಿಂಗ್ ಸಾಗಣೆಗೆ 12 ಕಳೆದರೂ ಕೆಜಿಗೆ 38 ಉಳಿಯುತ್ತದೆ. ಇದು ಕೈಗೆ ಹತ್ತಲು ಎರಡು ಹಂಗಾಮು ಬೇಕಾಯಿತು. ಅಷ್ಟರಲ್ಲಿ ಅಲ್ಲಿನ ಗಾಣ ಗುಜರಿಗೆ ಹೋಗಿತ್ತು, ಒಲೆ ಒಡೆದು ಗೋದಾಮು ಕಟ್ಟಿದ್ದರು. ಆ ದಾರಿಯಲ್ಲಿ ಹೋದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಹೈಡ್ರೋಸ್ ಇಲ್ಲದೆ ಬಣ್ಣ ಬರುವುದಿಲ್ಲ, ಪುಡಿ ಮಳೆಗಾಲ ತಡೆಯುವುದಿಲ್ಲ ಅಂತ ಪಾಕದವರೆಲ್ಲ ಹೇಳಿದ್ದರು. ಹೋದ ವರ್ಷ ಮಾರ್ಚಿನಲ್ಲಿ ಕಟ್ಟಿದ ಪ್ಯಾಕೆಟ್ಟು ಆಷಾಢದ ಜಡಿಯಲ್ಲೂ ಮರಳಿನಂತೆ ಉದುರಿತು. ಮಂಡ್ಯದ ವಿ.ಸಿ. ಫಾರಂನ ಬೆಲ್ಲದ ಪಾರ್ಕಿನಲ್ಲಿ ರಾಸಾಯನಿಕವಿಲ್ಲದ ಬೆಲ್ಲ ಮಾಡುವುದನ್ನು ನೋಡಬಹುದು. ಆದರೆ ನನ್ನಂತೆ ಕೂಲಿ ಕೊಟ್ಟು ಬೇರೆಯವರ ಒಲೆಯಲ್ಲಿ ಮಾಡುವ ಕಷ್ಟವೇ ಬೇರೆ.

ಮೊದಲ ಆರು ಕೊಪ್ಪರಿಗೆ ಹಾಳಾದವು. ಸುಮಾರು 28 ಸಾವಿರ ಹಾಕಿದ್ದೆ, ದನದ ಮೇವಿನವರಿಗೆ ಕೊಟ್ಟು ವಾಪಸ್ ಬಂದಿದ್ದು 9 ಸಾವಿರ. ಎರಡರಲ್ಲಿ ರಸದ ಕೊಳೆ ತೆಗೆಯಲು ಹಾಕುವ ಬೆಂಡೆ ಲೋಳೆ ಅತಿಯಾಗಿ ಪಾಕ ಅಂಟಾಗಿ ನಿಂತಿತು, ಹರಳು ಕಟ್ಟಲಿಲ್ಲ. ಇನ್ನೆರಡರದ್ದು ಕಡಿದು ಮೂರು ದಿನ ಬಿದ್ದಿದ್ದ ಕಬ್ಬು. ಕಡಿದ 24 ಗಂಟೆಯೊಳಗೆ ಅರೆಯದಿದ್ದರೆ ಸಕ್ಕರೆ ಒಡೆಯುತ್ತದೆ, ಆಮೇಲೆ ಯಾವ ಪಾಕದವರ ಕೈಯಲ್ಲೂ ಪುಡಿಯಾಗುವುದಿಲ್ಲ. ಕೊನೆಯ ಎರಡು, ರಸದ ಹುಳಿ ತಗ್ಗಿಸಲು ಹಾಕುವ ಸುಣ್ಣದ ತಪ್ಪು: ಹೆಚ್ಚಾಗಿ ಕೆಂಪುಗಪ್ಪಾಯಿತು.

ಈಗ ನಡೆಸುವ ಕ್ರಮ ಇದು. ಕಬ್ಬಿನ ತಳಿ ಕೋ 86032. ಕೋ 62175 ತೂಕಕ್ಕೆ ಒಳ್ಳೆಯದು, ಬಣ್ಣಕ್ಕಲ್ಲ. ಹಂಗಾಮಿನ ಶುರುವಿಗೆ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ), ಆಮೇಲೆ ತನಿ (ಹೊಸದಾಗಿ ನೆಟ್ಟದ್ದು). ಮಲಗಿ ಬೇರು ಬಿಟ್ಟದ್ದು ಬೇಡ. ತುದಿಯಲ್ಲಿ ವಾಡಿಕೆಗಿಂತ ಎರಡು ಮೂರು ಗಿಣ್ಣು ಜಾಸ್ತಿ ತೆಗೆಸಿ. ತೂಕ ಹೋಗುತ್ತದೆ, ಬೆಲ್ಲ ಉಳಿಯುತ್ತದೆ. ಕೊನೆಗಾಲದಲ್ಲಿ ಯೂರಿಯಾ ಕೊಟ್ಟ ಗದ್ದೆಯ ಕಬ್ಬನ್ನು ಬಿಟ್ಟಿಗೆ ಕೊಟ್ಟರೂ ತರುವುದಿಲ್ಲ.

ನನಗಿಂತ ಮುಂಚಿನ ಪಾಳಿಯವರು ಹೈಡ್ರೋಸ್ ಹಾಕಿದ್ದ ಕೊಪ್ಪರಿಗೆಯನ್ನು ಎರಡು ಸಲ ಉಜ್ಜಿಸುತ್ತೇನೆ. ಟನ್ನಿಗೆ 600 ಲೀಟರಿನಷ್ಟು ರಸ. ಎರಡು ಕೆಜಿ ಹಸಿ ಬೆಂಡೆ ಕಾಂಡ, ಬೇರು ಜಜ್ಜಿ ಹತ್ತು ಲೀಟರ್ ನೀರಿನಲ್ಲಿ ನೆನೆಸಿ ಕಿವುಚಿದ ಲೋಳೆ. ಲೋಳೆಯ ಮುಕ್ಕಾಲು ಭಾಗವನ್ನು ರಸ ಬೆಚ್ಚಗಾದಾಗ ಹಾಕಬೇಕು, ಉಳಿದದ್ದು ಮೊದಲ ಕೊಳೆ ತೆಗೆದ ಮೇಲೆ. ಕೊಳೆಯೆಲ್ಲ ಕುದಿ ಬರುವ ಮೊದಲೇ, 85 ಡಿಗ್ರಿ ಆಸುಪಾಸಿನಲ್ಲಿ, ಕಂಬಳಿಯಂತೆ ಮೇಲೆ ಕೂರುತ್ತದೆ. ಆಗ ಒಲೆಗೆ ರಚ್ಚು ತಳ್ಳುವವರು ಕೈ ಬಿಗಿ ಹಿಡಿಯಬೇಕು. ಒಂದು ಕುದಿ ಎದ್ದರೆ ಕಂಬಳಿ ಒಡೆದು ರಸಕ್ಕೇ ಬೆರೆಯುತ್ತದೆ, ಆಮೇಲೆ ಏನು ಸೋಸಿದರೂ ಬಣ್ಣ ಬರದು. ಸುಣ್ಣದ ತಿಳಿ ಅಂದಾಜಿಗೆ ಬೇಡ. ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿ 5.3ರಿಂದ 6.2ಕ್ಕೆ ತಂದು ನಿಲ್ಲಿಸಿ. ಉಕ್ಕು ಇಳಿಸಲು ಕಡಲೆಕಾಯಿ ಎಣ್ಣೆ ಎರಡು ಚಮಚ.

ಅಚ್ಚಿಗಾದರೆ 118 ಡಿಗ್ರಿಗೆ ಇಳಿಸುತ್ತಾರೆ, ಪುಡಿಗೆ 121 ಬೇಕು. ಥರ್ಮಾಮೀಟರ್ ಇದ್ದರೂ ಕೊನೆಯ ಮಾತು ತಣ್ಣೀರಿನದ್ದೇ: ಬಟ್ಟಲಿಗೆ ಬಿಟ್ಟ ಪಾಕ ಬೆರಳಲ್ಲಿ ಉಂಡೆಯಾಗಿ, ಕೊಪ್ಪರಿಗೆಯ ಅಂಚಿಗೆ ಹೊಡೆದರೆ ಟಣ್ ಅನ್ನಬೇಕು. ಟಪ್ ಅಂದರೆ ಇನ್ನೂ ಎರಡು ನಿಮಿಷ. ಸುರಿದ ಮೇಲೆ ಮರದ ಸಲಿಕೆಯಿಂದ ಕೈಯಾಡಿಸಿ, ಬಿಟ್ಟು, ಮತ್ತೆ ಉಜ್ಜಬೇಕು. ಎಷ್ಟು ಹೊತ್ತು ಬಿಡುವುದು, ಬಿಡುವ ಮುಂಚೆ ಏನು ಉದುರಿಸುವುದು, ಅದು ನನ್ನಲ್ಲೇ ಇರಲಿ. ಮೂರು ಮಿಲಿಮೀಟರ್ ಜರಡಿ ಹಿಡಿದು, ಬಟ್ಟೆ ಮುಚ್ಚಿ ಒಣಗಿಸಿ, ತೇವ ಒಂದೂವರೆ ಶೇಕಡಾಕ್ಕಿಂತ ಕೆಳಗಿಳಿದ ಮೇಲೆಯೇ ಪ್ಯಾಕಿಂಗ್.

ಶುಂಠಿ ಪುಡಿ ಬೆರೆಸಿ ನೋಡಿದೆ. ಹಸಿ ಶುಂಠಿ ರಸ ಹಾಕಿದ್ದು ಗಟ್ಟಿಯಾಗಲೇ ಇಲ್ಲ. ಒಣಶುಂಠಿ ಪುಡಿಯನ್ನು ಉಜ್ಜುವಾಗ ಕೆಜಿಗೆ 15 ಗ್ರಾಂ ಬೆರೆಸಿದ್ದು ಚೆನ್ನಾಗಿ ಹೋಯಿತು. ಮಲೆನಾಡಿನ, ಜೇನಿನಂತೆ ಸುರಿಯುವ ಜೋನಿ ಬೆಲ್ಲದಂತೆ 105–106 ಡಿಗ್ರಿಗೆ ಇಳಿಸಿದ್ದೂ ಉಂಟು, ಬಾಟಲಿ ಖರ್ಚೇ ತಿಂದುಹಾಕಿತು.

ಬಾಡಿಗೆ ಒಲೆಯಲ್ಲಿ ನನ್ನ ಪಾಳಿ ಬರುವುದು ರಾತ್ರಿ ಹತ್ತಕ್ಕೆ. ದಿನಕ್ಕೆ ಒಂದೇ ಕೊಪ್ಪರಿಗೆ, ರಚ್ಚು ಆಲೆಮನೆಯವರಿಗೆ. ಕೈತಪ್ಪಿದ ಆಲೆಮನೆಯ ಆ ಎರಡು ಕೊಪ್ಪರಿಗೆ ನನ್ನದಾಗಿದ್ದರೆ ದಿನಕ್ಕೆ ನಾಲ್ಕು ಇಳಿಯುತ್ತಿತ್ತು. ಇನ್ನೊಂದು ಆಲೆಮನೆ ಗುತ್ತಿಗೆಗಿದೆ ಎಂದು ಸುದ್ದಿ ಬಂದಿದೆ. ಗಾಣದ ರೋಲು ಸವೆದಿದ್ದರೆ ಹೊಸದು ಹಾಕಿಸಬಹುದು, ಕೊಪ್ಪರಿಗೆಯ ತಳ ಬೆಸೆಯಬಹುದು. ಚಿಮಣಿ ಎಳೆಯದಿದ್ದರೆ ಒಲೆಯನ್ನೇ ಕಟ್ಟಬೇಕು. ಅದಕ್ಕೇ ಒಂದು ಮಳೆ ಬಿದ್ದು ರಚ್ಚು ಅರೆ ಒದ್ದೆಯಿರುವ ದಿನ ಹೋಗಿ, ಬೆಂಕಿ ಹಾಕಿಸಿ, ಹೊಗೆ ಒಲೆಯ ಬಾಯಿಗೆ ಹಿಂದಕ್ಕೆ ಬರುತ್ತದೆಯೇ ನೋಡುತ್ತೇನೆ.